‘ಆರೋಗ್ಯಕರ ನಗರ’ ಸಂಶೋಧನೆ ನಮ್ಮ ಕಾರವಾರ, ಕುಮಟಾ, ಶಿರಸಿಗೆ ಎಷ್ಟು ಹೊಂದುತ್ತದೆ?

ಕೋಡಿಬಾಗದವಳು

ಊರು ಹೇಗೆ ಕಟ್ಟಿದೆ ಅನ್ನುವುದಕ್ಕೂ ಅಲ್ಲಿನ ಜನರ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ಈಚೆಗೆ ಬಹಳ ಸಂಶೋಧನೆ ಬರುತ್ತಿದೆ. ಓದೋಕೆ ಚೆನ್ನಾಗಿದೆ. ಆದರೆ ಉದಾಹರಣೆಗಳೆಲ್ಲ ಬಾರ್ಸಿಲೋನಾ, ಪ್ಯಾರಿಸ್, ಲಂಡನ್. ನಮ್ಮ ಉತ್ತರ ಕನ್ನಡದ ಕಡೆಯ ಊರುಗಳಿಗೆ ಇದರಲ್ಲಿ ಯಾವುದು ಹೊಂದುತ್ತದೆ, ಯಾವುದು ಸುಮ್ನೆ ಕೇಳೋಕೆ ಚಂದ ಅಂತ ಇಲ್ಲಿ ಮಾತಾಡೋಣ ಅನಿಸಿತು.

ಬಾರ್ಸಿಲೋನಾದ ‘ಸೂಪರ್‌ಬ್ಲಾಕ್’ ಬಗ್ಗೆ ಕೇಳಿರಬಹುದು. ಒಂಬತ್ತು ಬ್ಲಾಕ್ ಒಟ್ಟು ಸೇರಿಸಿ, ಒಳಗಿನ ಬೀದಿಗಳಲ್ಲಿ ಹಾದುಹೋಗುವ ಗಾಡಿಗಳನ್ನು ತಡೆದು, ಜಾಗವನ್ನು ನಡೆಯುವವರಿಗೂ ಮರಗಳಿಗೂ ಬಿಡುವುದು. ಅಂಥವು 503 ಆದರೆ ವರ್ಷಕ್ಕೆ 667 ಅಕಾಲ ಸಾವು ತಪ್ಪುತ್ತದೆ ಅಂತ 2020ರಲ್ಲಿ ಬಂದ ಅಧ್ಯಯನದ ಲೆಕ್ಕ. ಇದು ಅಂದಾಜಿನ ಲೆಕ್ಕ ಅನ್ನುವುದನ್ನು ಪತ್ರಿಕೆಗಳು ಬರೆಯುವುದೇ ಇಲ್ಲ. ಕಟ್ಟಿ ಮುಗಿದಿರುವುದು ಬೆರಳೆಣಿಕೆಯಷ್ಟು. ಮರದ ವಿಷಯದಲ್ಲೂ ಹೀಗೇ. ಯುರೋಪಿನ 93 ನಗರಗಳಲ್ಲಿ ಮರದ ನೆರಳು ಶೇ. 30 ಆದರೆ ಬೇಸಿಗೆಯ ಬಿಸಿ ಸರಾಸರಿ 0.4 ಡಿಗ್ರಿ ಇಳಿಯುತ್ತದೆ, ಕಾಂಕ್ರೀಟಿನ ಹೆಚ್ಚುವರಿ ಬಿಸಿಗೆ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಉಳಿಯಬಹುದು ಅಂತ 2023ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ನಮ್ಮ ಊರುಗಳಿಗೆ ಮೊದಲ ಪ್ರಶ್ನೆ ಕಾರೂ ಅಲ್ಲ, ಪಾರ್ಕೂ ಅಲ್ಲ. ನೀರು. ಮಳೆನೀರು, ಬಾವಿನೀರು, ಗಟಾರದ ನೀರು, ಈ ಮೂರೂ ಎಲ್ಲಿ ಕೂಡುತ್ತವೆ ಅನ್ನುವುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿಗೆ ಬಾರ್ಸಿಲೋನಾದ ಪಾಠ ಅರ್ಧವೇ ಸಿಗುತ್ತದೆ.

ಪೇಟೆ ಅಂಗಡಿ, ಶಿರಸಿ

ಅಕ್ಕಾ, ಕಾರಿನ ಪ್ರಶ್ನೆ ಅಲ್ಲ ಅಂದಿರಲ್ಲ, ಹಳೆ ಬಸ್ ಸ್ಟ್ಯಾಂಡಿನ ಹತ್ರ ಸಂಜೆ ಆರು ಗಂಟೆಗೆ ಒಂದು ಸಲ ನಿಂತು ನೋಡಿ. ಹೊಗೆ ಮೂಗಿಗೆ ಹತ್ತುತ್ತದೆ. ಆದರೆ ಇದಕ್ಕೆ ಮದ್ದು ಅಂತ ಪೇಟೆಗೆ ಗಾಡಿ ಬಿಡಬೇಡಿ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಗಿರಾಕಿ ಅರ್ಧಕ್ಕರ್ಧ ಹಳ್ಳಿಯವರು. ಹುಲೇಕಲ್ ಕಡೆಯಿಂದ, ಬನವಾಸಿ ಕಡೆಯಿಂದ ಬರುತ್ತಾರೆ. ಅಡಿಕೆ ಮಾರಿ, ಗೊಬ್ಬರದ ಚೀಲ ತಗೊಂಡು, ಕಿರಾಣಿ ಕಟ್ಟಿಸಿಕೊಂಡು ಹೋಗುವವರು. ಚೀಲ ಹೊತ್ತು ಅರ್ಧ ಕಿಲೋಮೀಟರ್ ನಡೀರಿ ಅಂದರೆ ಮುಂದಿನ ವಾರ ಹುಬ್ಬಳ್ಳಿಗೇ ಹೋಗುತ್ತಾರೆ. ಸಂಶೋಧನೆ ಮಾಡುವವರು ಯಾರೂ ಅಂಗಡಿ ಇಟ್ಟವರಲ್ಲ.

ಕಾಂಡ್ಲಾ

ಅಂಗಡಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ಬಾರ್ಸಿಲೋನಾದಲ್ಲಿ ಹುಡುಕಬೇಡಿ. ಅದೇ ಸ್ಪೇನಿನಲ್ಲಿ ಪೊಂಟೆವೆದ್ರಾ ಅಂತ ಊರಿದೆ. ಜನಸಂಖ್ಯೆ 80 ಸಾವಿರದ ಆಸುಪಾಸು. ಅಂದರೆ ನಮ್ಮ ಕಾರವಾರ, ಶಿರಸಿಯ ಅಳತೆಯದ್ದೇ. ಅದೂ ಮಳೆ ಜಾಸ್ತಿ ಇರುವ, ನದಿ ಸಮುದ್ರಕ್ಕೆ ಸೇರುವ ಜಾಗ.

1999ರಲ್ಲಿ ಮಿಗೆಲ್ ಆಂಕ್ಸೊ ಫರ್ನಾಂಡಿಸ್ ಲೋರೆಸ್ ಅನ್ನುವ ವೈದ್ಯರು ಅಲ್ಲಿ ಮೇಯರ್ ಆದರು. ಹಳೆ ಪೇಟೆಯಲ್ಲಿ ಸುಮ್ಮನೆ ಹಾದುಹೋಗುವ ಗಾಡಿ, ರಸ್ತೆ ಬದಿಯ ಪಾರ್ಕಿಂಗ್, ಎರಡನ್ನೂ ತೆಗೆದರು. ಗಮನಿಸಿ, ಸರಕು ತರುವ ಗಾಡಿಗೆ ಸಮಯ ಕೊಟ್ಟಿದ್ದಾರೆ, ಮನೆಯವರಿಗೆ, ಅಂಗವಿಕಲರಿಗೆ ಬಿಡುತ್ತಾರೆ. ಊರಂಚಿಗೆ ಪುಕ್ಕಟೆ ಪಾರ್ಕಿಂಗ್. ಅಲ್ಲಿಂದ ಪೇಟೆಗೆ ನಡೆದರೆ ಎಷ್ಟು ನಿಮಿಷ ಅಂತ ತೋರಿಸುವ ನಕಾಶೆ, ಮೆಟ್ರೋ ನಕಾಶೆ ಥರ. 1996ರಿಂದ 2006ರವರೆಗೆ ಆ ಬೀದಿಗಳಲ್ಲಿ ಅಪಘಾತಕ್ಕೆ 30 ಜನ ಸತ್ತಿದ್ದರು. ಮುಂದಿನ ಹತ್ತು ವರ್ಷದಲ್ಲಿ 3. ಮತ್ತೆ ನಿಮಗೆ ಬೇಕಾದ ವಿಷಯ: ದೊಡ್ಡ ಮಾಲ್‌ಗಳಿಗೆ ಊರಲ್ಲಿ ಪರವಾನಗಿ ಕೊಡಲಿಲ್ಲ. ಸಣ್ಣ ಅಂಗಡಿಗಳು ಉಳಿದವು.

ಪೇಟೆ ಅಂಗಡಿ, ಶಿರಸಿ

ಮಾಲ್‌ಗೆ ಪರವಾನಗಿ ಕೊಡಲಿಲ್ಲ ಅಂದಿರಲ್ಲ, ಅಲ್ಲೇ ಗುಟ್ಟಿದೆ. ನಮ್ಮಲ್ಲಿ ಗಾಡಿ ನಿಲ್ಲಿಸುತ್ತಾರೆ, ಮಾಲ್‌ಗೂ ಪರವಾನಗಿ ಕೊಡುತ್ತಾರೆ. ಒಂದು ಕೈ ಮಾತ್ರ ಕೆಲಸ ಮಾಡುತ್ತದೆ.

ಸಿವಿಲ್ ಕೆಲಸದವ

ಅಂಗಡಿಯವರಿಗೆ ಒಂದು ಪ್ರಶ್ನೆ. ಮಾರಿಕಾಂಬಾ ಜಾತ್ರೆಯಲ್ಲಿ ಬಿಡ್ಕಿಬೈಲಿನ ಸುತ್ತ ಒಂದು ಗಾಡಿ ಬಿಡುವುದಿಲ್ಲ. ಆಗ ವ್ಯಾಪಾರ ಕಮ್ಮಿ ಆಗುತ್ತದಾ?

ಪೇಟೆ ಅಂಗಡಿ, ಶಿರಸಿ

ಜಾತ್ರೆ ಮಾತು ಬೇರೆ ಮಾರಾಯ್ರೆ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಜನ ಬಳೆ ತೊಟ್ಟು ಹೋಗಲು, ತಾಯಿಯನ್ನು ನೋಡಲು ಬರುತ್ತಾರೆ. ಯೂರಿಯಾ ತಗೊಳ್ಳಲು ಬರುವುದಿಲ್ಲ.

ಆದರೂ ಒಂದು ಮಾತು ಒಪ್ಪುತ್ತೇನೆ. ನಮ್ಮ ಅಂಗಡಿ ಮುಂದೆ ನಿಲ್ಲುವ ಗಾಡಿಗಳಲ್ಲಿ ಬಹಳಷ್ಟು ಗಿರಾಕಿಯದ್ದಲ್ಲ. ಬೆಳಿಗ್ಗೆ ನಿಲ್ಲಿಸಿ ಆಫೀಸಿಗೆ ಹೋದವರದ್ದು. ಅಂಗಡಿಯವರದ್ದೂ ಇದೆ, ಸುಳ್ಳು ಯಾಕೆ. ಅವನ್ನು ಊರಂಚಿಗೆ ಹಾಕಿದರೆ ನನ್ನ ತಕರಾರಿಲ್ಲ.

ಹೊನ್ನಾವರ ಟೆಂಪೋ

ನೀವೆಲ್ಲ ಪೇಟೆ ಬೀದಿ ಮಾತಾಡುತ್ತಿದ್ದೀರಿ. ಜನ ಸಾಯುವುದು ಹೆದ್ದಾರಿಯಲ್ಲಿ. 66ನೇ ಹೆದ್ದಾರಿ ಅಗಲ ಆದ ಮೇಲೆ ಊರ ಮಧ್ಯೆಯೇ ಲಾರಿ, ಬಸ್ಸು ಹಾರಿಕೊಂಡು ಹೋಗುತ್ತವೆ. ಶಾಲೆ ಈಚೆ, ಮನೆ ಆಚೆ. ದಾಟುವ ಹೆಂಗಸರು, ಮೀನಿನ ಬುಟ್ಟಿ ಹೊತ್ತವರು ಡಿವೈಡರ್ ಹತ್ತಿ ಇಳಿಯುತ್ತಾರೆ. ನಾನು ದಿನಾ ಇದೇ ದಾರಿಯಲ್ಲಿ ಓಡಿಸುವವನು, ನನಗೇ ಹೆದರಿಕೆ. ಸ್ಪೇನ್ ಬಿಡಿ, ಇದಕ್ಕೇನು ಸಂಶೋಧನೆ ಇದೆ?

ಸಿವಿಲ್ ಕೆಲಸದವ

ಇದೆ ಅಣ್ಣ, ಮತ್ತು ಇದು ಅಂದಾಜಿನದ್ದಲ್ಲ. ಹೆಲ್ಸಿಂಕಿಯಲ್ಲಿ ಊರೊಳಗಿನ ಹೆಚ್ಚಿನ ರಸ್ತೆಗಳ ವೇಗ ಗಂಟೆಗೆ 30 ಕಿ.ಮೀ.ಗೆ ಇಳಿಸಿದರು, ರಸ್ತೆಯನ್ನು ಕಿರಿದು ಮಾಡಿದರು, ದಾಟುವ ಜಾಗ ಎತ್ತರಿಸಿದರು. 2025ರ ಜುಲೈಗೆ ಮುಗಿದ ಒಂದು ವರ್ಷದಲ್ಲಿ ಆ ನಗರದಲ್ಲಿ ಅಪಘಾತಕ್ಕೆ ಒಂದೂ ಸಾವಿಲ್ಲ. ರಾಜಧಾನಿ ಊರು ಅದು, ಆರೂವರೆ ಲಕ್ಷಕ್ಕೂ ಹೆಚ್ಚು ಜನ.

ಫಲಕ ಹಾಕಿದರೆ ಆಗುವುದಲ್ಲ ಇದು. ರಸ್ತೆ ಅಗಲ, ನೇರ ಇದ್ದರೆ ಕಾಲು ತಾನೇ ಒತ್ತುತ್ತದೆ. ನಾಲ್ಕು ಪಥ ಕೊಟ್ಟು ‘ನಿಧಾನವಾಗಿ ಚಲಿಸಿ’ ಅಂತ ಬರೆದರೆ ಯಾರೂ ಕೇಳುವುದಿಲ್ಲ. ಊರು ಶುರುವಾಗುವಲ್ಲಿ ಸರ್ವಿಸ್ ರಸ್ತೆ ಬೇರೆ, ದಾಟಲು ಕೆಳಸೇತುವೆ. ಅದೂ ಮಳೆಗಾಲದಲ್ಲಿ ಕೆರೆ ಆಗದ ಕೆಳಸೇತುವೆ. ನಮ್ಮ ಕಡೆ ಕೊನೆಯದ್ದೇ ಕಷ್ಟ.

ಅಂಕೋಲೆ ಹುಡುಗ

ಎಲ್ಲ ಸರಿ. ಮೊದಲು ಆಸ್ಪತ್ರೆ ಕೊಡಿ. ತಲೆಗೆ ಪೆಟ್ಟು ಬಿದ್ದರೆ ಈಗಲೂ ಮಣಿಪಾಲ, ಗೋವಾ ಅಥವಾ ಹುಬ್ಬಳ್ಳಿ. 2019ರಲ್ಲಿ ಟ್ವಿಟರ್ ತುಂಬ ನಾವೇ ಕೂಗಿದ್ದೆವಲ್ಲ. ಆರೋಗ್ಯಕರ ನಗರ ಅಂತೆ. ಆಂಬುಲೆನ್ಸಿನಲ್ಲಿ ಮೂರು ಗಂಟೆ ಕೂತವರಿಗೆ ಈ ಮಾತು ಹೇಳಿ ನೋಡಿ.

ದಾದಿ ಅಕ್ಕ

ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆಸ್ಪತ್ರೆ ಬೇಕು, ಎರಡು ಮಾತಿಲ್ಲ. ನಾನು ಕರಾವಳಿಯ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ ನಿವೃತ್ತಿಯಾದವಳು. ಆದರೆ ವಾರ್ಡಿನಲ್ಲಿ ಮಳೆಗಾಲ ಶುರುವಾದ ಮೇಲೆ ಯಾರು ಬಂದು ಮಲಗುತ್ತಾರೆ ಅಂತ ನೋಡಿದ್ದೇನೆ. ವಾಂತಿ-ಭೇದಿ, ಟೈಫಾಯ್ಡ್, ಕಾಮಾಲೆ, ಇಲಿ ಜ್ವರ, ಡೆಂಗಿ. ಇದರಲ್ಲಿ ಯಾವುದೂ ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ. ಗಟಾರದಲ್ಲಿ, ಬಾವಿಯಲ್ಲಿ, ಮನೆ ಹಿಂದಿನ ತೆಂಗಿನ ಚಿಪ್ಪಿನಲ್ಲಿ ಹುಟ್ಟುತ್ತವೆ. ಅದಕ್ಕೇ ಕೋಡಿಬಾಗದವಳ ಮಾತಿಗೆ ನನ್ನ ಓಟು.

ಇಲಿ ಜ್ವರದ ಬಗ್ಗೆ ಒಂದು ಒಳ್ಳೇ ಅಧ್ಯಯನ ಇದೆ. ಬ್ರೆಜಿಲಿನ ಸಾಲ್ವಡೋರ್ ಅನ್ನುವ ಕರಾವಳಿ ನಗರದಲ್ಲಿ, ಪಾವ್ ದ ಲಿಮಾ ಅನ್ನುವ ಬಡವರ ಬಡಾವಣೆಯಲ್ಲಿ ಮಾಡಿದ್ದು. 2008ರಲ್ಲಿ ಪ್ರಕಟವಾಯಿತು. ಮೂರು ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದರು. ತೆರೆದ ಗಟಾರದ ಹತ್ತಿರ, ನೀರು ನುಗ್ಗುವ ತಗ್ಗಿನಲ್ಲಿ, ಕಸದ ರಾಶಿಯ ಪಕ್ಕ ಇದ್ದವರಿಗೆ ಸೋಂಕು ತಗಲಿದ್ದು ಜಾಸ್ತಿ. ಬಡತನವೂ ಬೇರೆಯಾಗಿಯೇ ಲೆಕ್ಕಕ್ಕೆ ಬಂತು. ಓದಿದಾಗ ನನಗೆ ನಮ್ಮ ಕೆಲವು ಕೇರಿಗಳೇ ಕಂಡವು. ಬಾರ್ಸಿಲೋನಾಕ್ಕಿಂತ ಸಾಲ್ವಡೋರ್ ನಮಗೆ ಹತ್ತಿರ, ಅಲ್ವಾ?

ಡೆಂಗಿಗೆ ನಮ್ಮ ರಾಜ್ಯ 2024ರ ಸೆಪ್ಟೆಂಬರಿನಲ್ಲಿ ಸಾಂಕ್ರಾಮಿಕ ಅಂತ ಘೋಷಿಸಿ, ನೀರು ನಿಲ್ಲಲು ಬಿಟ್ಟ ಮನೆಗಳಿಗೂ ದಂಡ ಇಟ್ಟಿತು. ಘಟ್ಟದ ಮೇಲಿನವರು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೂ ಒಮ್ಮೆ ಮಗುಚಿ ಹಾಕಿ. ಅದರಲ್ಲಿ ನಿಲ್ಲುವ ಒಂದು ಬೊಗಸೆ ನೀರು ಸೊಳ್ಳೆಗೆ ಸಾಕು.

ಕೋಡಿಬಾಗದವಳು

ಅಕ್ಕಾ, ನೀವು ಬರೆಯುತ್ತೀರಿ ಅಂತ ಕಾಯುತ್ತಿದ್ದೆ. ಬಾವಿ ವಿಷಯ ಇನ್ನಷ್ಟು ಹೇಳಿ. ನಮ್ಮ ಕೇರಿಯಲ್ಲಿ ಜುಲೈ ಬಂತೆಂದರೆ ಬಾವಿ ನೀರು ಬಗ್ಗಿ ಮುಟ್ಟುವಷ್ಟು ಮೇಲೆ ಬರುತ್ತದೆ. ಜನ ಖುಷಿ ಪಡುತ್ತಾರೆ. ನನಗೆ ಮಾತ್ರ ಆಗಲೇ ಹೆದರಿಕೆ.

ಸಿವಿಲ್ ಕೆಲಸದವ

ಹೆದರಬೇಕಾದದ್ದೇ. ಇದನ್ನು ನಾನು ಹೇಳುತ್ತೇನೆ, ದಿನಾ ಇದೇ ಕೆಲಸ.

ಭಾರತೀಯ ಮಾನಕದ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕಡಿಮೆ ಅಂದರೆ 18 ಮೀಟರ್ ದೂರ ಇರಬೇಕು. ಈಗ ಲೆಕ್ಕ ಹಾಕಿ. ಮೂರು ಗುಂಟೆ ಜಾಗ ಅಂದರೆ ಸುಮಾರು 303 ಚದರ ಮೀಟರ್. ಚೌಕಾಕಾರ ಇದ್ದರೆ ಒಂದು ಬದಿ ಹದಿನೇಳೂವರೆ ಮೀಟರ್ ಅಷ್ಟೇ. ಅಂದರೆ ಬಾವಿ ಒಂದು ಮೂಲೆ, ಗುಂಡಿ ಎದುರು ಮೂಲೆ ಇಟ್ಟರೆ ಮಾತ್ರ ನಿಯಮ ಪಾಲನೆ ಆಗುತ್ತದೆ. ಆ ಎದುರು ಮೂಲೆಯ ಗೋಡೆಯಾಚೆ ಪಕ್ಕದ ಮನೆಯವರ ಬಾವಿ. ಕಾಗದದ ಮೇಲೆ ಎಲ್ಲರೂ ಸರಿ, ನೆಲದೊಳಗೆ ಎಲ್ಲರದ್ದೂ ಒಂದೇ.

ಮೊದಲು ಕಂಪೌಂಡಿನಲ್ಲಿ ಒಂದು ಮನೆ, ಸುತ್ತ ತೆಂಗಿನ ತೋಟ. ಇಂಗಲು ಜಾಗ ಇತ್ತು. ಈಗ ಅದೇ ಜಾಗದಲ್ಲಿ ನಾಲ್ಕು ಭಾಗ, ನಾಲ್ಕು ಮನೆ, ನಾಲ್ಕು ಗುಂಡಿ. ಕಡಲ ದಂಡೆಯ ಮರಳು ನೀರನ್ನು ತಡೆಯುವುದೇ ಇಲ್ಲ. ಮೇಲೆ ಹೋದರೆ ಚಿರೇಕಲ್ಲು, ಅದರ ತೂತುಗಳಲ್ಲಿ ನೀರು ಸರಾಗ ಓಡುತ್ತದೆ. ಬೇಸಿಗೆಯಲ್ಲಿ ಗುಂಡಿಗೂ ನೀರಿನ ಮಟ್ಟಕ್ಕೂ ನಡುವೆ ಒಣ ಮಣ್ಣಿರುತ್ತದೆ, ಅಷ್ಟು ಸೋಸಿ ಹೋಗುತ್ತದೆ. ಮಳೆಗಾಲದಲ್ಲಿ ಆ ಒಣ ಮಣ್ಣೇ ಇಲ್ಲ. ಗುಂಡಿ ನೀರಲ್ಲೇ ಮುಳುಗಿರುತ್ತದೆ.

ಇನ್ನೊಂದು. ಟ್ಯಾಂಕ್ ತುಂಬಿದಾಗ ಸಕ್ಕಿಂಗ್ ಗಾಡಿ ಕರೆಯುತ್ತೀರಲ್ಲ, ಅದು ಎಲ್ಲಿ ಖಾಲಿ ಮಾಡುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ನಮ್ಮ ರಾಜ್ಯದಲ್ಲೇ ದೇವನಹಳ್ಳಿಯಲ್ಲಿ 2015ರಿಂದ ಮಲದ ಕೆಸರನ್ನು ಸಂಸ್ಕರಿಸುವ ಘಟಕ ನಡೆಯುತ್ತಿದೆ. ಇಡೀ ಊರಿಗೆ ಒಳಚರಂಡಿ ಅಗೆಯದೆ, ಗಾಡಿ ತಂದ ಕೆಸರನ್ನು ಕೊಳೆಸಿ, ಸೋಸಿ, ಒಣಗಿಸಿ ಗೊಬ್ಬರ ಮಾಡುವುದು. ಸಣ್ಣ ಊರಿಗೆ ಹೇಳಿ ಮಾಡಿಸಿದ ದಾರಿ. ಗುಡ್ಡ, ಹೊಳೆ, ಏರು ತಗ್ಗು ಇರುವ ನಮ್ಮ ಊರುಗಳಲ್ಲಿ ಎಲ್ಲ ಕಡೆ ಪೈಪ್ ಹಾಕುವ ಖರ್ಚು ನೋಡಿದರೆ, ಮೊದಲು ಇದೇ ಮಾಡಬೇಕು ಅಂತ ನನ್ನ ವಾದ. ಆದರೆ ಕೆಸರು ಒಣಗಿಸುವ ಜಾಗಕ್ಕೆ ಮೇಲೆ ಮಾಡು ಬೇಕು. ಇಲ್ಲಿನ ಮಳೆ ದೇವನಹಳ್ಳಿಯ ಮಳೆಯಲ್ಲ.

ಗಜನಿ ಗದ್ದೆ

ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಫೋಟೋ, ಭಾಷಣ ಎಲ್ಲ ಆಯಿತು. ಆದರೆ ಊರಿನ ಆರೋಗ್ಯದ ಮಾತು ಬಂದಾಗ ಅಳಿವೆಯ ಉಪ್ಪುನೀರು ಬರುವ ತಗ್ಗಿನ ಗಜನಿ ಗದ್ದೆ ಯಾರಿಗೂ ನೆನಪಾಗುವುದಿಲ್ಲ.

ನಮ್ಮಜ್ಜ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪುನೀರು ತಡೆಯುವ ತಳಿ. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಹೊಳೆ ಉಕ್ಕಿದರೆ ನೀರು ಅಲ್ಲಿ ಬಂದು ಹರಡಿಕೊಳ್ಳುತ್ತಿತ್ತು. ಈಗ ರಸ್ತೆ ಬದಿಯ ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡುತ್ತಾರೆ. ಹರಡುವ ಜಾಗ ಹೋದ ನೀರು ಕೇರಿಗೆ ಬರುತ್ತದೆ. ಆಮೇಲೆ ಪರಿಹಾರಕ್ಕೆ ಅರ್ಜಿ.

ಚೀನಾದವರು ‘ಸ್ಪಂಜು ನಗರ’ ಅಂತ ಕೋಟಿಗಟ್ಟಲೆ ಸುರಿದು ಇಂಥದ್ದನ್ನೇ ಹೊಸದಾಗಿ ಕಟ್ಟುತ್ತಿದ್ದಾರೆ. ನಮ್ಮಲ್ಲಿ ಪುಕ್ಕಟೆ ಇದ್ದದ್ದನ್ನು ಮುಚ್ಚುತ್ತಿದ್ದೇವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಹಾಗೇ. 1999ರ ಒಡಿಶಾ ಚಂಡಮಾರುತದಲ್ಲಿ ಕಾಂಡ್ಲಾ ಕಾಡಿನ ಪಟ್ಟಿ ಅಗಲ ಇದ್ದ ಕಡೆಯ ಹಳ್ಳಿಗಳಲ್ಲಿ ಸಾವು ಕಡಿಮೆ ಅಂತ ಕೇಂದ್ರಪಾಡಾ ಜಿಲ್ಲೆಯ ಲೆಕ್ಕ ತೆಗೆದು 2009ರಲ್ಲಿ ತೋರಿಸಿದ್ದಾರೆ.

ಸಿವಿಲ್ ಕೆಲಸದವ

ಗಜನಿಯವರ ಮಾತು ಒಪ್ಪುತ್ತೇನೆ, ಒಂದು ತಿದ್ದುಪಡಿ ಜತೆಗೆ. ಸ್ಪಂಜಿಗೂ ಮಿತಿ ಇದೆ. ಝೆಂಗ್‌ಝೌ ಅನ್ನುವ ನಗರವೂ ಸ್ಪಂಜು ಯೋಜನೆಯಲ್ಲಿತ್ತು. 2021ರ ಜುಲೈಯಲ್ಲಿ ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಬಿತ್ತು. ಸುರಂಗ ರಸ್ತೆ, ಮೆಟ್ರೋ ಒಳಗೇ ಜನ ಸತ್ತರು. ಗದ್ದೆ, ಕಾಂಡ್ಲಾ ಉಳಿಸಿದರೆ ದಿನನಿತ್ಯದ ನೆರೆ ತಗ್ಗುತ್ತದೆ. ಅಂಥ ಮಳೆಗೆ ಅದೊಂದೇ ಸಾಲದು. ಮತ್ತೆ ಗುಡ್ಡ ಕಡಿದದ್ದಕ್ಕೆ ಯಾವ ಸ್ಪಂಜೂ ಮದ್ದಲ್ಲ. 2024ರ ಜುಲೈ 16ರ ಶಿರೂರಿನ ಗುಡ್ಡ ಕುಸಿತ ನೋಡಿದ ಮೇಲೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಂಡ್ಲಾ

ಮರದ ವಿಷಯ ಬಿಟ್ಟೇ ಹೋಯಿತು. ಈಗ ಎಲ್ಲ ಕಡೆ 3-30-300 ಅನ್ನುತ್ತಾರೆ. ಮನೆಯಿಂದ 3 ಮರ ಕಾಣಬೇಕು, ಬಡಾವಣೆಯಲ್ಲಿ ಶೇ. 30 ನೆರಳು, 300 ಮೀಟರಿನಲ್ಲಿ ಹಸಿರು ಜಾಗ. ಸೆಸಿಲ್ ಕೊನೈನೆಂಡೈಕ್ ಅನ್ನುವವರು 2021ರಲ್ಲಿ ಮುಂದಿಟ್ಟ ನಿಯಮ. ನಮ್ಮ ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಕಾಡು, ಹಾಗಾಗಿ ನಾವು ಪಾಸು ಅಂತ ಅಂದುಕೊಳ್ಳುತ್ತೇವೆ. ನಿಜ ಏನಂದರೆ ಕಿಟಕಿಯಿಂದ ಗುಡ್ಡ ಕಾಣುತ್ತದೆ, ನಡೆಯುವ ದಾರಿಯಲ್ಲಿ ನೆರಳಿಲ್ಲ. ಕಾರವಾರದಲ್ಲಿ ಏಪ್ರಿಲ್ ಮಧ್ಯಾಹ್ನ ಬಸ್ಸಿಗೆ ಕಾಯುವವನಿಗೆ ದಾಂಡೇಲಿಯ ಕಾಡು ಏನು ಮಾಡುತ್ತದೆ?

ನೆಡುವುದಾದರೆ ಸುರಹೊನ್ನೆ, ಹೊಂಗೆ, ರಂಜಲು ನೆಡಿ. ಉಪ್ಪುಗಾಳಿ ತಡೆಯುತ್ತವೆ, ದಟ್ಟ ನೆರಳು ಕೊಡುತ್ತವೆ. ಗಾಳಿ ಮರ ಸಾಲು ಹಾಕಿ ಹಸಿರು ಅಂತ ಲೆಕ್ಕ ಕೊಡಬೇಡಿ, ಅದರಡಿ ನಿಂತರೆ ಬಿಸಿಲೇ.

ದಾದಿ ಅಕ್ಕ

ಸೆಕೆ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಹವಾಮಾನ ಇಲಾಖೆ ಬಯಲು ಸೀಮೆಗೆ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಮಾತಾಡಿದರೆ, ಕರಾವಳಿಗೆ 37ಕ್ಕೇ ಶುರು. ಯಾಕೆಂದರೆ ನಮ್ಮಲ್ಲಿ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 35 ತೋರಿಸಿದರೆ ಮನುಷ್ಯ ತಾಳಲಾರ ಅಂತ ಮೊದಲು ಲೆಕ್ಕ ಇತ್ತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಹುಡುಗ ಹುಡುಗಿಯರನ್ನೇ ಪರೀಕ್ಷಿಸಿ ನೋಡಿದಾಗ, ಒದ್ದೆ ಹವೆಯಲ್ಲಿ 31ರ ಸುಮಾರಿಗೇ ಮೈ ಬಿಸಿ ಏರತೊಡಗಿತು. 2022ರಲ್ಲಿ ಪ್ರಕಟವಾದದ್ದು. ಹುಡುಗರಿಗೇ ಹೀಗೆ, ಮೀನು ಒಣಗಿಸುವ ಮುದುಕಿಯರ ಗತಿ ಏನು?

ಅಂಕೋಲೆ ಹುಡುಗ

ಅಹಮದಾಬಾದಿನಲ್ಲಿ ಬಡವರ ಮನೆ ಮಾಡಿಗೆ ಬಿಳಿ ಬಣ್ಣ ಬಳಿದರು, ಒಳಗೆ ತಂಪಾಯಿತು ಅಂತ ಓದಿದ್ದೆ. ಅದನ್ನಾದರೂ ಮಾಡಬಹುದಲ್ಲ, ಖರ್ಚು ಕಮ್ಮಿ.

ಸಿವಿಲ್ ಕೆಲಸದವ

ಅಹಮದಾಬಾದಿನ ಕೆಲಸ ದೊಡ್ಡದು. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಗೆ ಸಾವಿರದ ಮುನ್ನೂರಕ್ಕೂ ಜಾಸ್ತಿ ಹೆಚ್ಚುವರಿ ಸಾವಾದ ಮೇಲೆ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿದರು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಆದರೆ ಅಲ್ಲಿ ಮಳೆ ಎಷ್ಟು? ಇಲ್ಲಿ ಬಿಳಿ ಬಳಿದ ಮಾಡು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಕಪ್ಪು. ಪ್ರತಿ ಫೆಬ್ರವರಿಯಲ್ಲಿ ಉಜ್ಜಿ ಬಳಿಯುವವರು ಯಾರು? ಅದಕ್ಕಿಂತ ಹಂಚಿನ ಮಾಡು ಉಳಿಸಿ. ಹಂಚುಗಳ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಸ್ಲ್ಯಾಬ್ ಹಾಕಿದವರು ಸೋರುತ್ತದೆ ಅಂತ ಮೇಲೆ ತಗಡಿನ ಮಾಡು ಎಬ್ಬಿಸುತ್ತಾರಲ್ಲ, ನೋಡೋಕೆ ಕೆಟ್ಟದಾಗಿದ್ದರೂ ನಡುವೆ ಗಾಳಿ ಆಡಿದರೆ ಕೆಳಗೆ ತಂಪೇ. ಅದನ್ನು ಸುತ್ತಲೂ ಮುಚ್ಚಬೇಡಿ ಅಷ್ಟೇ.

ಪೇಟೆ ಅಂಗಡಿ, ಶಿರಸಿ

ಗಾಳಿಯ ಮಾತು ಯಾರೂ ಎತ್ತಲಿಲ್ಲ. ನಮ್ಮದು ಸ್ವಚ್ಛ ಗಾಳಿ ಅಂತ ಬೆಂಗಳೂರಿನವರು ಬಂದು ಹೊಗಳುತ್ತಾರೆ. ಬೆಳಿಗ್ಗೆ ಕಸ, ಪ್ಲಾಸ್ಟಿಕ್ ಸುಡುವ ಹೊಗೆ ಅವರು ಏಳುವಷ್ಟರಲ್ಲಿ ಹೋಗಿರುತ್ತದೆ.

ಕೋಡಿಬಾಗದವಳು

ನಿಜ. ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಹಾಗಾಗಿ ‘ಮಿತಿಯೊಳಗೆ ಇದೆ’ ಅನ್ನುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕಸಕ್ಕೆ ಉದಾಹರಣೆ ದೂರ ಹೋಗಬೇಕಾಗಿಲ್ಲ. ಪಣಜಿಯಲ್ಲಿ 16 ಬಗೆಯಾಗಿ ಬೇರೆ ಮಾಡುತ್ತಾರೆ. ಆಲಪ್ಪುಳದಲ್ಲಿ 2012ರಿಂದ ಹಸಿ ಕಸ ಮನೆಯಲ್ಲಿ, ಕೇರಿಯಲ್ಲೇ ಗೊಬ್ಬರ ಆಗುತ್ತದೆ. ಎರಡೂ ಕೊಂಕಣ-ಮಲಬಾರ್ ಮಳೆಯ ಊರುಗಳೇ. ಇದು ಬೇರೆ ಚರ್ಚೆಗೇ ಸಾಕು, ಇಲ್ಲಿ ಬೆಳೆಸುವುದಿಲ್ಲ.

ನಾನು ಮೇಲೆ ಹೇಳಿದ್ದಕ್ಕೆ ಮರಳುತ್ತೇನೆ. ಟೆಂಪೋ ಅಣ್ಣ ಹೇಳಿದ ಹೆದ್ದಾರಿ ದಾಟುವ ಸಮಸ್ಯೆಯನ್ನು ನಾನು ಪಟ್ಟಿಯಲ್ಲಿ ಕೆಳಗೆ ಇಡುವುದಿಲ್ಲ. ಆದರೆ ಅದಕ್ಕೆ ದಿಲ್ಲಿವರೆಗೆ ಬರೆಯಬೇಕು. ಬಾವಿ ನಮ್ಮ ಕೈಯಲ್ಲಿದೆ. ಮಳೆಗೆ ಮೊದಲು ಒಂದು ಸಲ, ಜುಲೈ ಕೊನೆಗೆ ಇನ್ನೊಂದು ಸಲ ಒಂದು ಕೇರಿಯ ಎಲ್ಲ ಬಾವಿ ನೀರನ್ನು ಪರೀಕ್ಷಿಸಿದರೆ ವ್ಯತ್ಯಾಸ ನಮ್ಮ ಕಣ್ಣಿಗೇ ಕಾಣುತ್ತದೆ. ಯಾರು ಜತೆಗೆ ಬರುತ್ತೀರಿ?

ದಾದಿ ಅಕ್ಕ

ನಾನು ಬರುತ್ತೇನೆ. ಮೊದಲ ಸುತ್ತಿಗೆ ಎಚ್‌ಟುಎಸ್ ಬಾಟಲಿ ಸಾಕು. ಬಾವಿ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ. ಕಪ್ಪಾದ ಬಾವಿಗಳ ನೀರನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿ, ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಇದೆಯಾ ನೋಡಿಸೋಣ. ಕುಡಿಯುವ ನೀರಿನ 100 ಮಿ.ಲೀ.ಯಲ್ಲಿ ಅದು ಒಂದೂ ಇರಬಾರದು. ಜಲಜೀವನ ಮಿಷನ್‌ನಲ್ಲಿ ಹಳ್ಳಿಯ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟಿದ್ದಾರೆ, ಪಂಚಾಯಿತಿ ಕಡೆಯವರು ಅವರನ್ನೇ ಕೇಳಿ. ಫಲಿತಾಂಶ ಬರುವವರೆಗೆ ಕಾಯಬೇಡಿ, ಕುದಿಸಿಯೇ ಕುಡಿಯಿರಿ.

ಗಜನಿ ಗದ್ದೆ

ಬಾವಿಯ ಫಲಿತಾಂಶ ಇಲ್ಲಿ ಹಾಕುವಾಗ ಮನೆಯವರ ಹೆಸರು ಹಾಕಬೇಡಿ. ಬಾಡಿಗೆಗೆ ಕೊಟ್ಟವರು ಜಗಳಕ್ಕೆ ಬರುತ್ತಾರೆ. ಬಾವಿಗೆ ನಂಬರ್ ಕೊಡಿ.

ಸಿವಿಲ್ ಕೆಲಸದವ

ನಂಬರ್ ಜತೆಗೆ ಹತ್ತಿರದ ಇಂಗುಗುಂಡಿ ಎಷ್ಟು ಮೀಟರ್, ಪಕ್ಕದ ಮನೆಯವರದ್ದೂ ಸೇರಿಸಿ, ಬರೆದುಕೊಳ್ಳಿ. ಟೇಪು ನಾನು ತರುತ್ತೇನೆ. ಭಾನುವಾರ ಬೆಳಿಗ್ಗೆ ಆದರೆ ಒಳ್ಳೆಯದು.

ಹೊನ್ನಾವರ ಟೆಂಪೋ

ಹೊನ್ನಾವರದಲ್ಲೂ ಮಾಡುವುದಾದರೆ ಬಾಟಲಿ ಸಾಗಿಸಲು ಗಾಡಿ ನನ್ನದು. ಡೀಸೆಲ್ ಮಾತ್ರ ಹಾಕಿಸಿ.